ಅವ್ವನ ಹಸಿರು ಸೀರೆ

ತುರ್ವಿಹಾಳಕ್ಕೆ ಕಾಲುವೆ ನೀರು ಬಂದ ಹೊಸತು. ಚೊಚ್ಚಲ ಬಸುರಿ ನನಗೆ ಏಳು ತಿಂಗಳು ತುಂಬಿತ್ತು. ಹೆರಿಗೆಗೆ ಕರೆದೊಯ್ಯಲು ತವರಿನಲ್ಲಿ ಅವ್ವ ಇರಲಿಲ್ಲ. ಆಕೆಯ ಗುರುತೆಂದು ನನ್ನ ಟ್ರಂಕಿನಲ್ಲಿ ಒಂದು ಹಸಿರು ಇಳಕಲ್ ಸೀರೆಯಷ್ಟೇ ಉಳಿದಿತ್ತು.

ಅತ್ತೆ ಗದ್ದೆಮ್ಮ ಕೂಸಿಗೆ ಕೌದಿ ಹೊಲಿಯಲು ಪಡಸಾಲೆಯಲ್ಲಿ ಹಳೆಯ ಬಟ್ಟೆ ಹರವಿ ಕೂತಿದ್ದರು. ನೆರೆಮನೆಯ ಮಾಬುಬೀ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನಿಮ್ಮವ್ವನ ಸೀರಿ ತಾರಬೇ," ಎಂದರು ಅತ್ತೆ.

"ಅದೊಂದು ಬ್ಯಾಡ್ರಿ ಅತ್ತಿ. ಸಿಂಧನೂರಾಗ ಹೊಸಾ ರಗ್ಗು ಸಿಗತಾವ."

"ಕೂಸು ಹುಟ್ಟೂದಕ್ಕ ಮೊದಲ ಹೊಸಾದು ತರ್ತಾರೇನು?"

"ನಿನ್ನ ಸೊಸಿಗೆ ಕಾಲೇಜಿನ್ಯಾಗ ಇದನ್ನ ಕಲಿಸಿಲ್ಲ ನೋಡಕ್ಕಾ," ಎಂದು ಮಾಬುಬೀ ನಕ್ಕಳು.

ಒಲ್ಲದ ಮನಸ್ಸಿನಿಂದ ಸೀರೆ ತಂದುಕೊಟ್ಟೆ. ಅತ್ತೆಯ ಕೈಯಲ್ಲಿದ್ದ ಕತ್ತರಿಯಿಂದ ಕಣ್ಣು ಕೀಳಲಾಗಲಿಲ್ಲ. ಅವರು ಅದನ್ನು ಪಕ್ಕಕ್ಕಿಟ್ಟು, ಸೀರೆಯನ್ನು ಇಡಿಯಾಗಿಯೇ ಮಡಚಿ ಹಾಸಿ, ಮೇಲೆ ತಮ್ಮ ಹಳೆಯ ಸೀರೆಯ ತುಂಡುಗಳನ್ನು ಜೋಡಿಸತೊಡಗಿದರು.

"ಹರಿಯೂದಾದ್ರ ಮ್ಯಾಲಿನ ನಂದು ಹರೀಲಿ. ಒಳಗ ನಿಮ್ಮವ್ವ ಇರ್ಲಿ. ಬಾಣಂತನಕ್ಕ ಆಕೀನ ಬಂದಂಗಾತು."

ನಾನೂ ಒಂದು ಸೂಜಿ ಹಿಡಿದು ಕೂತೆ.

ನನ್ನ ಮೂವರು ಮಕ್ಕಳೂ ಆ ಕೌದಿಯಲ್ಲೇ ಮಲಗಿ ಬೆಳೆದರು. ಅತ್ತೆ ಈಗಿಲ್ಲ. ಮಗಳು ಈಗ ಏಳು ತಿಂಗಳ ಬಸುರಿಯೆಂದು ಮೊನ್ನೆ ಕೌದಿ ತೆಗೆದಾಗ ಅತ್ತೆಯ ತುಂಡುಗಳು ಸವೆದು ಹರಿದಿದ್ದವು. ಆ ಕಿಂಡಿಗಳಲ್ಲಿ ಅವ್ವನ ಹಸಿರು ಇನ್ನೂ ಮಾಸದೆ ಕಾಣುತ್ತಿತ್ತು. ತೇಪೆ ಹಾಕಲು ಮಗಳು ಬಟ್ಟೆ ಕೇಳಿದಳು. ಟ್ರಂಕಿನಿಂದ ಅತ್ತೆಯ ಸೀರೆ ತೆಗೆದುಕೊಟ್ಟೆ.

"ಕತ್ತರಿ ಹಾಕಬ್ಯಾಡ," ಎಂದೆ. "ಇಡಿಯಾಗೇ ಹೊದಿಸು."