ಜ್ವರದ ರಜಾಚೀಟಿ

ಕಾಶಿನಾಥ ಮೇಷ್ಟ್ರು ಯಲಹಂಕದ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಹೇಳುತ್ತಿದ್ದರು. ಗದಗಿನ ಕಡೆಯವರು, ಊರು ಬಿಟ್ಟು ಎಂಟು ವರ್ಷವಾಗಿದ್ದರೂ ಊರಿನ ಮಾತು ಅವರನ್ನು ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಕರಿಹಲಗೆಯ ಬಲಮೂಲೆಯಲ್ಲಿ ಅಂದಿನ ಸೂಚನೆ, ಹೋಂವರ್ಕು ಇಂಗ್ಲಿಷಿನಲ್ಲೇ ಬರೆಯುವುದು ಅವರ ಪದ್ಧತಿ. ಅದರ ಮೇಲೆ ಜೂನ್ ತಿಂಗಳಲ್ಲಿ ಬರೆದ ಒಂದು ಸೂಚನೆಯಂತೂ ಖಾಯಂ: ರಜಾಚೀಟಿ ಇಂಗ್ಲಿಷಿನಲ್ಲೇ ಇರಬೇಕು, ತಪ್ಪಿದ್ದರೆ ಐದು ಸಲ ತಿದ್ದಿ ಬರೆಯಬೇಕು.

ಮಕ್ಕಳಿಗೆ ಬರುತ್ತಿದ್ದುದು ಒಂದೇ ರಜಾಚೀಟಿ, ಜ್ವರದ್ದು. ಮೇಷ್ಟ್ರೇ ಬಾಯಿಪಾಠ ಮಾಡಿಸಿದ್ದು. ಹಾಗಾಗಿ ರಾಗಿ ಕೊಯ್ಲಿಗೆ ಹೋದವನಿಗೂ ಜ್ವರ, ಅಕ್ಕನ ಬಾಣಂತನಕ್ಕೆ ನಿಂತವಳಿಗೂ ಜ್ವರ, ಎಮ್ಮೆ ಹುಡುಕಲು ಹೋದವನಿಗೂ ಜ್ವರ. "ಸುಗ್ಗಿ ಬಂತಂದ್ರ ನಮ್ಮ ಕ್ಲಾಸಿಗೆಲ್ಲಾ ಜ್ವರ ಬರ್ತಾವ್ರೀ" ಎಂದು ಅವರು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದರು. ಆ ಸುಳ್ಳನ್ನು ಕಲಿಸಿದವರು ತಾವೇ ಎಂಬುದು ಪುಣ್ಯಾತ್ಮರಿಗೆ ಒಂದು ದಿನವೂ ಹೊಳೆಯಲಿಲ್ಲ.

೧೯೭೯ರ ಕಾರ್ತಿಕದ ಒಂದು ಸೋಮವಾರ ನಸೀಮಾ ತನ್ನ ಗೆಳತಿ ದ್ರೌಪದಮ್ಮನ ಚೀಟಿ ತಂದುಕೊಟ್ಟಳು. ದ್ರೌಪದಮ್ಮ ಜಕ್ಕೂರಿನಿಂದ ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದ ಹುಡುಗಿ, ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು. ಎಸ್ಸೆಸ್ಸೆಲ್ಸಿ ಮುಗಿಸಿ ತಾನೂ ಟೀಚರ್ ಆಗಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೋ ಮೇಷ್ಟ್ರಿಗೂ ಅಷ್ಟೇ ಇತ್ತು. ಜೂನಿನಲ್ಲಿ ಅವಳ ಮನೆಗೇ ಹೋಗಿ, ಓದು ಬಿಡಿಸಬೇಡಿ ಎಂದು ಅವಳಪ್ಪ ಮುನಿನಾರಾಯಣಪ್ಪನನ್ನು ಒಪ್ಪಿಸಿ ಬಂದಿದ್ದರು.

ಚೀಟಿಯಲ್ಲಿ ಜ್ವರ, ಮೂರು ದಿನ ರಜೆ, ಎಲ್ಲ ಸರಿಯಾಗಿತ್ತು. ಆದರೆ ಸಹಿಯ ಮೇಲೆ ಒಂದು ಸಾಲು ಹೆಚ್ಚಿಗೆ ಇತ್ತು: ಸರ್, ಪ್ಲೀಸ್ ಕಮ್ ಟು ಮೈ ಹೌಸ್.

ಹಿಂದಿನ ವಾರವಷ್ಟೇ ಮೇಷ್ಟ್ರು ಆಮಂತ್ರಣ ಪತ್ರ ಬರೆಯುವುದನ್ನು ಹೇಳಿಕೊಟ್ಟಿದ್ದರು. ಹುಡುಗಿ ಎರಡನ್ನೂ ಕಲಸಿಬಿಟ್ಟಿದ್ದಾಳೆ ಎಂದು ಅವರಿಗೆ ರೇಗಿತು. "ಇಷ್ಟು ಶಾಣ್ಯಾ ಹುಡುಗಿ, ರಜಾಚೀಟ್ಯಾಗ ಊಟಕ್ಕ ಕರದಾಳಲ್ಲ!" ಎನ್ನುತ್ತಾ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿ, ಇದು ಬೇಡ, ಐದು ಸಲ ಬರೆ ಎಂದು ಪಕ್ಕದಲ್ಲಿ ಬರೆದರು.

"ಸಾ, ಅದೂ..." ಎಂದಳು ನಸೀಮಾ.

"ಏನವಾ?"

"ಏನಿಲ್ಲ ಸಾ."

ಗುರುವಾರ ನಸೀಮಾ ಐದು ಹಾಳೆ ತಂದಳು. ಐದರಲ್ಲೂ ಒಂದೇ ಒಂದು ತಪ್ಪಿರಲಿಲ್ಲ. ಆ ಸಾಲೂ ಇರಲಿಲ್ಲ. ಅಂಚಿನಲ್ಲಿ ಮಾತ್ರ ಅರಿಶಿನದ ಬೆರಳಚ್ಚು.

"ಇದೇನಿದು?"

"ನೆನ್ನೆ ಅವ್ಳ ಮದ್ವೆ ಆಗೋಯ್ತು ಸಾ. ಯಾರ್ಗೂ ಹೇಳ್ಬಾರ್ದು ಅಂತ ಅವ್ರಜ್ಜಿ ನನ್ ಕೈಲಿ ಆಣೆ ಇಡಿಸ್ಕೊಂಡಿದ್ರು. ಮೊನ್ನೆ ಅರಿಶಿನ ಹಚ್ಚಿದ್ರಲ್ಲ, ಆಮೇಲೆ ಕೂತ್ಕೊಂಡು ಬರುದ್ಲು. ಬರೀದಿದ್ರೆ ಸಾರ್ ಬೈತಾರೆ ಅಂದ್ಲು."

ಮೇಷ್ಟ್ರು ಪಾಠ ನಿಲ್ಲಿಸಿ ಸೈಕಲ್ ಹತ್ತಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜಕ್ಕೂರಿನ ಮನೆಯ ಮುಂದೆ ಮುನಿನಾರಾಯಣಪ್ಪ ಒಬ್ಬನೇ ಚಪ್ಪರದ ಗಳ ಕೀಳುತ್ತಿದ್ದ. ಮೇಷ್ಟ್ರನ್ನು ಕಂಡು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ.

"ನಂಗೂ ಮನ್ಸಿರ್ಲಿಲ್ಲ ಸಾ. ಕಣ್ಮುಚ್ಚೋದ್ರೊಳ್ಗೆ ಮದ್ವೆ ನೋಡ್ಬೇಕು ಅಂತ ನಮ್ಮವ್ವ ಅಠ ಇಡುದ್ಲು. ಮಗು ಅಳ್ತಿತ್ತು. ನಿಮ್ ಮೇಷ್ಟ್ರು ಬಂದು ಬ್ಯಾಡ ಅಂದ್ರೆ ನಿಲ್ಲಿಸ್ಬುಡ್ತೀನಿ, ಅವ್ರ ಮುಂದೆ ನಮ್ಮವ್ವಂದೂ ನಡೆಯಾಕಿಲ್ಲ ಅಂದೆ. ಚೀಟಿ ಕಳ್ಸಿವ್ನಿ, ಬಂದೇ ಬತ್ತಾರೆ ಅಂತ ಸೋಮಾರ ಪೂರ್ತಿ ಬಾಗ್ಲಲ್ಲೇ ಕುಂತಿತ್ತು. ಸಾಯಂಕಾಲ ನಸೀಮಾ ಚೀಟಿ ವಾಪಸ್ ತಂದ್ಕೊಟ್ಟ ಮೇಲೆ ಎದ್ದು ಒಳಿಕ್ಕೋಯ್ತು." ಅವನು ತಲೆಯೆತ್ತಿ ನೋಡಿದ. "ಯಾಕ್ ಸಾ ಬರ್ಲಿಲ್ಲ?"

ಮೇಷ್ಟ್ರು ಸೈಕಲ್ಲನ್ನು ಬಂದ ದಾರಿಗೇ ತಿರುಗಿಸಿದರು. ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಬರುವಾಗ ಅವರು ಅತ್ತರು. ಎದುರಿಗೆ ಬಂದ ಹುಲ್ಲಿನ ಹೊರೆಯವಳು ನೋಡಿಯೂ ನೋಡದಂತೆ ಪಕ್ಕಕ್ಕೆ ಸರಿದಳು.

ಶುಕ್ರವಾರ ಅವರು ಹಲಗೆಯ ಬಲಮೂಲೆಯನ್ನು ಪೂರ್ತಿ ಒರೆಸಿ, ಮೊದಲ ಸಲ ಅಲ್ಲಿ ಕನ್ನಡದಲ್ಲಿ ಬರೆದರು: ರಜಾಚೀಟಿ ಕನ್ನಡದಲ್ಲೇ ಬರೆಯಿರಿ. ಏನಾಗಿದೆಯೋ ಅದನ್ನೇ ಬರೆಯಿರಿ.

ಆಮೇಲೆ ಹಾಜರಿ ಕೂಗಿದರು. ದ್ರೌಪದಮ್ಮನ ಹೆಸರು ಬಂದಾಗ ಕೂಗಬಾರದೆಂದು ಅಂದುಕೊಂಡಿದ್ದರೂ ಬಾಯಿ ಕೂಗಿಬಿಟ್ಟಿತು.

ನಸೀಮಾ ಎದ್ದು ನಿಂತಳು. "ಲೀವ್ ಲೆಟರ್ ಕೊಟ್ಟಿದಾಳೆ ಸಾ."

"ಎಷ್ಟ್ ದಿನದ್ದವಾ?"

"ಮೂರ್ ದಿನದ್ದು ಸಾ."

ಮೂರು ದಿನ ಬುಧವಾರಕ್ಕೇ ಮುಗಿದಿತ್ತು.