ಗುವಾಹಟಿಗೆ ಹೊರಟ ಏಳು ಡೊಳ್ಳು

ಸಾಗರದ ಹುಲಿಯಮ್ಮನ ಡೊಳ್ಳು ತಂಡದಲ್ಲಿ ಏಳು ಜನ ಹೆಂಗಸರು. ಅಸ್ಸಾಮಿನ ಗುವಾಹಟಿಯಲ್ಲಿ ನಡೆಯುವ ಜಾನಪದ ಉತ್ಸವಕ್ಕೆ ಕರೆ ಬಂದು, ನವೆಂಬರ್ ತಿಂಗಳ ರೈಲಿಗೆ ಟಿಕೆಟ್ಟೂ ಆಗಿತ್ತು. ಹೊರಡುವ ಹೊತ್ತಿಗೆ ರೈಲು ರದ್ದು ಅಂತ ಮೆಸೇಜು ಬಂತು. ಮೂರು ತಿಂಗಳ ಅಭ್ಯಾಸ ನೀರಲ್ಲಿ ಹೋಮವಾಯಿತು ಅಂದುಕೊಂಡು ಹುಲಿಯಮ್ಮ ಎರಡು ದಿನ ಡೊಳ್ಳಿನ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ಸೊಸೆ ಶಿಲ್ಪಶ್ರೀ ಫೋನು ಹಿಡಿದುಕೊಂಡು ಓಡಿಬಂದಳು. ತಂಡದಲ್ಲಿ ಅವಳೂ ಒಬ್ಬಳು.

"ಅತ್ತೆ, ಉತ್ಸವದವರು ವಿಮಾನದ ಟಿಕೆಟ್ ಕಳಿಸಿದಾರೆ! ಏಳೂ ಜನಕ್ಕೆ! ನಾಳೆ ಬೆಳಿಗ್ಗೆ ಬೆಂಗಳೂರಿಂದ."

"ಕಾರ್ಯಕ್ರಮ ನಾಳೆ ಸಂಜೆನೇ ಅಲ್ವೇನೇ? ಮುಟ್ಟೋದು ಯಾವಾಗ?"

"ಎರಡು ಸಾವಿರ ಕಿಲೋಮೀಟರ್ ಅತ್ತೆ. ಬರೀ ಮೂರು ಗಂಟೆ!"

"ಸುಳ್ಳು ಹೇಳ್ಬೇಡ ಮಾರಾಯ್ತಿ. ಇಲ್ಲಿಂದ ಬೆಂಗಳೂರು ಮುಟ್ಟೋಕೇ ಬಸ್ಸಿಗೆ ಎಂಟು ಗಂಟೆ ಬೇಕು."

ಅಂದೇ ರಾತ್ರಿಯ ಬಸ್ಸು ಹತ್ತಿದರು. ವಿಮಾನ ನಿಲ್ದಾಣದಲ್ಲಿ ಡೊಳ್ಳುಗಳು ಒಂದೊಂದಾಗಿ ಬೆಲ್ಟಿನ ಮೇಲೆ ಒಳಗೆ ಹೋಗುವಾಗ ಹುಲಿಯಮ್ಮ ಕುತ್ತಿಗೆ ಉದ್ದ ಮಾಡಿ ಏಳೂ ಹೋಗುವ ತನಕ ನೋಡಿದಳು. ವಿಮಾನ ಎರಡು ಗಂಟೆ ತಡ. ಆದರೂ ಮೇಲೆ ಹಾರಿದಾಗ ಕಿಟಕಿ ಪಕ್ಕ ಕೂತಿದ್ದ ತಂಡದ ಕನ್ನಮ್ಮ ಖುಷಿಗೆ ಕೂಗಿದ್ದಕ್ಕೆ ಹಿಂದಿನ ಸೀಟಿನವರೆಲ್ಲ ನಕ್ಕರು. ಹೇಳಿದ ಹಾಗೇ ಮೂರೇ ಗಂಟೆಯಲ್ಲಿ ಇಳಿಯಿತು.

ಉತ್ಸವದವರ ವ್ಯಾನಿನಲ್ಲಿ ಮೈದಾನ ಮುಟ್ಟಿದಾಗ ನಾಲ್ಕೂವರೆ. ಕಾರ್ಯಕ್ರಮ ಐದೂವರೆಗೆ. ಡೊಳ್ಳಿನ ಚರ್ಮ ತೇವಕ್ಕೆ ಸಡಿಲವಾಗಿ ಬಡಿದರೆ ಬರೀ ದಬ್ ದಬ್ ಅನ್ನುತ್ತಿತ್ತು.

"ಒಂದು ಗಂಟೆ ಬಿಸಿಲಿಗಿಟ್ರೆ ಸಾಕು," ಅಂದು ಹುಲಿಯಮ್ಮ ಆಕಾಶ ನೋಡಿದಳು. ಸೂರ್ಯ ಆಗಲೇ ಮುಳುಗುತ್ತಿದ್ದ!

"ಶಿಲ್ಪಾ, ಗಡಿಯಾರ ಕೆಟ್ಟಿದೆಯೇನೇ?"

"ಇಲ್ಲ ಅತ್ತೆ, ನಾವು ಅಷ್ಟು ಪೂರ್ವಕ್ಕೆ ಬಂದಿದೀವಿ. ಇಲ್ಲಿ ಕತ್ತಲಾಗೋದು ಬೇಗ. ಸಾಗರದಲ್ಲಿ ಇನ್ನೂ ಬಿಸಿಲಿರುತ್ತೆ."

ಹುಲಿಯಮ್ಮ ಅಲ್ಲಿ ನಿಲ್ಲಲಿಲ್ಲ. ಮೈದಾನದ ಅಂಚಿನಲ್ಲಿ ಒಬ್ಬಾಕೆ ಇದ್ದಿಲ ಒಲೆಯ ಮೇಲೆ ಚಹಾ ಕಾಯಿಸುತ್ತಿದ್ದಳು. ಹುಲಿಯಮ್ಮ ಡೊಳ್ಳು ಹೊತ್ತುಕೊಂಡು ನೇರ ಅವಳ ಮುಂದೆ ಹೋಗಿ ನಿಂತಳು. ಭಾಷೆ ಬಾರದು. ಚರ್ಮವನ್ನು ಎರಡು ಸಲ ತಟ್ಟಿ, ಸಪ್ಪೆ ಮುಖ ಮಾಡಿ, ಒಲೆಗೆ ಕೈ ತೋರಿಸಿದಳು. ಆಕೆ ಒಂದು ಗಳಿಗೆ ನೋಡಿ, ಜೋರಾಗಿ ನಕ್ಕು, ಕೆಟಲನ್ನು ಪಕ್ಕಕ್ಕಿಟ್ಟಳು. ಇನ್ನಷ್ಟು ಇದ್ದಿಲನ್ನೂ ಸುರಿದಳು.

ಒಂದೊಂದೇ ಡೊಳ್ಳು ಕಾವು ಹಿಡಿಯಿತು. ಕನ್ನಮ್ಮ ಕೂತು ಹಗ್ಗ ಬಿಗಿದಳು, ಉಳಿದವರು ವ್ಯಾನಿನಲ್ಲೇ ಸೀರೆ ಬದಲಿಸಿದರು. ಕಡೆಯ ಡೊಳ್ಳು ಬಿಸಿಯಾಗುವಾಗ ಮೈಕಿನಲ್ಲಿ ಕರ್ನಾಟಕ ಅಂತ ಕೂಗಿಯಾಗಿತ್ತು. ಏಳೂ ಜನ ಓಡಿಕೊಂಡೇ ವೇದಿಕೆ ಹತ್ತಿದರು.

ಮೊದಲ ಏಟಿಗೇ ಹುಲಿಯಮ್ಮನಿಗೆ ಗೊತ್ತಾಯಿತು, ನಾದ ಸರಿಯಾಗಿ ಕೂತಿದೆ. ಹದಿನೈದು ನಿಮಿಷ ಕೊಟ್ಟಿದ್ದರು. ಮುಗಿದಾಗ ಜನ ಎದ್ದು ನಿಂತು ಇನ್ನೊಂದು, ಇನ್ನೊಂದು ಅಂತ ತಮ್ಮ ಭಾಷೆಯಲ್ಲಿ ಕೂಗಿದರು. ಹುಲಿಯಮ್ಮ ಸೊಸೆಯ ಕಡೆ ತಿರುಗಿ, ಬೆವರು ಒರೆಸಿಕೊಂಡು, "ಬಡಿಯೇ!" ಅಂದಳು.