ಪಳಗಿದ ನೀರು

"ಇಲ್ಲದ ಮೀನಿಗೆ ಊಟ ಹಾಕ್ತಿದೀಯಲ್ಲೇ, ತಲೆ ನೆಟ್ಟಗಿದೆಯಾ ನಿಂಗೆ?"

ಅತ್ತಿಗೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕನ್ನಡಕದವಳು ತಿರುಗಿ ನೋಡದೆ ಇನ್ನೊಂದು ಚಿಟಿಕೆ ಪುಡಿಯನ್ನು ನೀರಿಗೆ ಉದುರಿಸಿದಳು. ಗಾಜಿನ ತೊಟ್ಟಿಯಲ್ಲಿ ತೊಳೆದ ಬೆಣಚುಕಲ್ಲು, ಇನ್ನೂ ಬೇರೂರದ ಒಂದೆರಡು ಗಿಡ, ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರು, ಎಲ್ಲ ಇದ್ದವು. ಮೀನು ಮಾತ್ರ ಇರಲಿಲ್ಲ.

"ಈ ಪುಡಿ ಕೊಳೀಬೇಕು ಅತ್ತಿಗೆ. ಅದನ್ನ ಅರಗಿಸ್ಕೊಳ್ಳೋ ಕಣ್ಣಿಗೆ ಕಾಣದ ಜೀವಗಳು ನೀರಲ್ಲಿ ಹುಟ್ಕೋಬೇಕು. ಅಲ್ಲೀವರೆಗೂ ನೀರು ಪಳಗಿಲ್ಲ ಅಂತ ಅರ್ಥ."

"ಆನೆ ಪಳಗಿಸ್ತಾರೆ, ಕುದುರೆ ಪಳಗಿಸ್ತಾರೆ. ನೀರು ಪಳಗಿಸೋದನ್ನ ನಿಮ್ಮ ಮನೇಲೇ ನೋಡಿದ್ದು. ನನ್ನ ತಮ್ಮನೂ ಇದೇ ಹೇಳ್ತಿದ್ದ."

ಹೌದು, ಅದು ಅವಳ ತಮ್ಮನ, ಕನ್ನಡಕದವಳ ಗಂಡನ ಮಾತೇ. ಅತ್ತಿಗೆಯ ಈ ಮನೆಗೆ ಬಂದು ಅವನ ಮಾತನ್ನು ಬಾಯಿಗೆ ತಂದುಕೊಳ್ಳುವಾಗಲೆಲ್ಲ ಕನ್ನಡಕದವಳಿಗೆ ಹಲ್ಲು ಕಚ್ಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು. ಆದರೆ ಅವಳು ನಗುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಅವಸರ ಮಾಡಿದರೆ ಗಾಜಿನ ಅಂಚು ಸಿಡಿಯುತ್ತದೆಂದು ಅವಳ ಕೈಗೆ ಚೆನ್ನಾಗಿ ಗೊತ್ತು.

ಅತ್ತಿಗೆಯೆಂದರೆ ಗಂಡನ ಅಕ್ಕ. ಅವಳ ಶುಚಿಯ ಹುಚ್ಚಿಗೆ ಸೋತು ತಮ್ಮನೇ ಇಟ್ಟ ಹೆಸರು ಫಿನಾಯಿಲಕ್ಕ. ಅವನು ಆಸ್ಪತ್ರೆ ಸೇರಿದಾಗ ಕನ್ನಡಕದವಳು ಅವನ ಮಂಚದ ಪಕ್ಕ ಕೂತಳು, ಮನೆ ನೋಡಿಕೊಳ್ಳಲು ಫಿನಾಯಿಲಕ್ಕ ಬಂದಳು. ಬಂದವಳು ಸುಮ್ಮನಿರುತ್ತಾಳೆಯೇ? ಪಾತ್ರೆ, ಪರದೆ, ಕಿಟಕಿಯ ಸರಳು ಎಲ್ಲ ಮುಗಿಸಿ ಕೊನೆಗೆ ಮೀನಿನ ತೊಟ್ಟಿಗೆ ಕೈಹಾಕಿದಳು. ನೀರನ್ನೆಲ್ಲ ಚೆಲ್ಲಿ ನಲ್ಲಿಯ ಹೊಸ ನೀರು ತುಂಬಿದಳು. ಫಿಲ್ಟರಿನ ಕಂದು ಸ್ಪಂಜನ್ನು ಕುದಿವ ನೀರಿನಲ್ಲಿ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದಳು. ಆ ಕಂದು ಲೋಳೆಯಲ್ಲೇ ತೊಟ್ಟಿಯ ಜೀವ ಇರುವುದೆಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿ, "ಟ್ಯಾಂಕು ಫಳಫಳ ಅಂತಿದೆ ಅಂತ ತಮ್ಮನಿಗೆ ಹೇಳು," ಎಂದಳು.

ಗಂಡ ಅವತ್ತು ಕಣ್ಣುಬಿಟ್ಟು ಕೇಳಿದ್ದು ಒಂದೇ. "ಮೀನು ಹೇಗಿವೆ?"

"ಫಳಫಳ ಅಂತಿವೆ," ಎಂದಿದ್ದಳು. ಅವನು ಆಮೇಲೆ ಕಣ್ಣುಬಿಡಲಿಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಗಂಡನಿಗೆ ಆಡಿದ ಕೊನೆಯ ಮಾತೇ ಸುಳ್ಳಾಗಿತ್ತು.

ಗೊತ್ತಿಲ್ಲದೆ ಮಾಡಿದ್ದಾಳೆ ಎಂದು ಅಷ್ಟನ್ನು ನುಂಗಿಕೊಳ್ಳಬಹುದಿತ್ತೇನೋ. ಆದರೆ ಮಾತಾಡಿಸಲು ಬಂದವರ ಮುಂದೆಲ್ಲ ಫಿನಾಯಿಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೋಡಿ, ಮೂಕಪ್ರಾಣಿಗಳು! ಯಜಮಾನ ಹೋಗ್ತಾನೇ ಅವನ ಹಿಂದೇನೇ ಹೋದ್ವು," ಎಂದು ಶುರುಮಾಡಿದಳು. ಬಂದವರು ಅಯ್ಯೋ ಎಂದರು. ಮುಂದೆ ಮದುವೆಮನೆಯಲ್ಲೂ ಬಸ್ಸಿನಲ್ಲೂ ಅದೇ ಕಥೆ. ಕೊಂದವಳೇ ಕಥೆ ಕಟ್ಟಿ, ಆ ಕಥೆಗೆ ತಾನೇ ಅಳುವುದನ್ನು ಕನ್ನಡಕದವಳು ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡು ಕೇಳಿದ್ದಳು.

ಹಾಗಿರುವಾಗ ಫಿನಾಯಿಲಕ್ಕನೇ ಒಂದು ದಿನ ಅಂಗಡಿಗೆ ಬಂದಳು. ಲಿಫ್ಟ್ ರಿಪೇರಿ ಮಾಡಿ ಮಾಡಿ ನಿವೃತ್ತನಾದ ಅವಳ ಗಂಡನಿಗೆ, ಎಲ್ಲರ ಬಾಯಲ್ಲಿ ಲಿಫ್ಟಣ್ಣ, ಬಿಪಿ ಏರಿತ್ತು. ಮೀನು ನೋಡುತ್ತಾ ಕೂತರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಂತೆ. "ನೀನೇ ಮಾಡಿಕೊಡಬೇಕು ಕಣೇ. ನಿನ್ನ ಕೈಯಲ್ಲಾದರೆ ತಮ್ಮನ ಕೈಯಲ್ಲಿ ಆದ ಹಾಗೆ."

ಅದಕ್ಕೇನಂತೆ ಎಂದಳು ಕನ್ನಡಕದವಳು. ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವಳ ಲೆಕ್ಕವೂ ಮುಗಿದಿತ್ತು. ತೊಟ್ಟಿಯನ್ನು ಒಂದಿಷ್ಟೂ ಕುಂದಿಲ್ಲದಂತೆ ಮಾಡಿಕೊಡುವುದು. ಅವರು ಮೀನುಗಳಿಗೆ ಹೆಸರಿಟ್ಟು ಮುದ್ದು ಮಾಡುವವರೆಗೂ ಕಾಯುವುದು. ಆಮೇಲೆ ಅವರು ಊರಿಗೆ ಹೋದಾಗ ಮನೆಯ ಬೀಗದ ಕೈ ಇಸಿದುಕೊಂಡು, ಸ್ಪಂಜನ್ನು ಕುದಿವ ನೀರಿನಲ್ಲಿ ತೊಳೆದು, "ಫಳಫಳ ಅಂತಿದೆ ಅತ್ತಿಗೆ," ಎಂದು ಫೋನು ಮಾಡುವುದು. ಮೀನು ಸಾಯುವ ಮೊದಲು ಪ್ರೀತಿ ಬೇರೂರಬೇಕಿತ್ತು.

ಅವಳ ಮನೆಯ ತೊಟ್ಟಿಯಲ್ಲಿ ಈಗ ಮತ್ತೆ ಮೀನುಗಳಿದ್ದವು. ಅಲ್ಲಿನ ಕೊಳೆ ಸ್ಪಂಜನ್ನು ಇಲ್ಲಿ ಹಿಂಡಿದ್ದರೆ ಈ ನೀರು ಬೇಗ ಪಳಗುತ್ತಿತ್ತು. ತನ್ನ ಮನೆಯ ಕೊಳೆಯನ್ನೂ ಈ ಮನೆಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಸಂಜೆ ಬಂದು, ಗಾಜಿನ ನಳಿಕೆಗೆ ನೀರು ತುಂಬಿ, ಪರೀಕ್ಷೆಯ ಹನಿ ಹಾಕಿ ನೋಡುತ್ತಿದ್ದಳು. ಹಸಿರಾದರೆ ನೀರಿನಲ್ಲಿ ವಿಷ, ಹಳದಿಯಾಗಿಯೇ ಉಳಿದರೆ ಪಳಗಿದೆ. ಮೊದಮೊದಲು ಕಡು ಹಸಿರು ಬಂತು.

"ಕನ್ನಡಿ ಥರ ಇದೆಯಲ್ಲೇ ನೀರು. ಇದಕ್ಕಿಂತ ಕ್ಲೀನು ಇನ್ನೇನು ಬೇಕು?" ಎಂದಳು ಫಿನಾಯಿಲಕ್ಕ.

"ಕ್ಲೀನ್ ಇದ್ರೆ ಸಾಲ್ದು ಅತ್ತಿಗೆ."

ಲಿಫ್ಟಣ್ಣ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತಿರುತ್ತಿದ್ದ. "ನಂಗೇನೂ ಅವಸರ ಇಲ್ಲಮ್ಮ. ಬರೀ ನೀರು ನೋಡ್ತಾನೇ ಬಿಪಿ ಇಳಿದಿದೆ. ಮೀನು ಬಂದ್ರೆ ಎಲ್ಲಿ ಪೂರ್ತಿ ನಿಂತೇ ಹೋಗುತ್ತೋ ಅಂತ ಭಯ," ಎನ್ನುತ್ತಿದ್ದ.

ಬಣ್ಣ ದಿನದಿಂದ ದಿನಕ್ಕೆ ತೆಳುವಾಯಿತು. ಸ್ಪಂಜು ಕಂದಾಯಿತು, ಕಲ್ಲುಗಳಿಗೆ ಜಾರುವ ಪೊರೆ ಬಂತು. ಏನು ಮಾಡಬೇಕು, ಎಷ್ಟು ಆಹಾರ ಹಾಕಬೇಕು ಎಂದು ಫಿನಾಯಿಲಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ ಕನ್ನಡಕದವಳು ಸ್ಪಂಜಿನ ವಿಷಯ ಮಾತ್ರ ಎತ್ತಲಿಲ್ಲ. ಅದು ಅವಳ ಗಂಟು, ಬಿಚ್ಚುವ ಹೊತ್ತು ಇನ್ನೂ ಬಂದಿರಲಿಲ್ಲ.

ಒಂದು ಸಂಜೆ ನಳಿಕೆಯ ನೀರು ಅಪ್ಪಟ ಹಳದಿಯಾಗಿಯೇ ಉಳಿಯಿತು. ಮುಂದಿನ ಭಾನುವಾರ ಬೆಳಿಗ್ಗೆ ತನ್ನ ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬಂದು, ಬಿಸಿ ತಂಪು ಹೊಂದಲೆಂದು ಚೀಲವನ್ನು ಹಾಗೆಯೇ ನೀರಿನ ಮೇಲೆ ತೇಲಿಬಿಟ್ಟಳು. ಮರಿಗಳು ಚೀಲದೊಳಗೆ ಒಂದಕ್ಕೊಂದು ಅಂಟಿಕೊಂಡು ನಿಂತವು.

"ನೋಡಿದ್ಯಾ, ನಾನೂ ನನ್ನ ಪಾಲಿನ ಕೆಲಸ ಮಾಡಿದೀನಿ," ಎಂದಳು ಫಿನಾಯಿಲಕ್ಕ. ಹೊಸ ಸೀರೆ ಉಟ್ಟಿದ್ದಳು. "ಇವತ್ತು ಮಕ್ಕಳು ಬರ್ತವೆ ಅಂತ ಬೆಳಿಗ್ಗೇನೇ ಎದ್ದು ಆ ಗಲೀಜು ಸ್ಪಂಜನ್ನ ಕುದಿಯೋ ನೀರಲ್ಲಿ ತೊಳೆದಿಟ್ಟೆ. ಸೋಪು ಹಾಕಿಲ್ಲ ಕಣೇ, ಅಷ್ಟು ನಂಗೂ ಗೊತ್ತಾಗುತ್ತೆ."

ಕನ್ನಡಕದವಳು ಫಿಲ್ಟರಿನ ಮುಚ್ಚಳ ತೆಗೆದಳು. ಸ್ಪಂಜು ಬೆಳ್ಳಗಿತ್ತು, ಅವತ್ತು ಇದ್ದಷ್ಟೇ ಬೆಳ್ಳಗೆ. ಅವಳಿಗೆ ನಗು ಬಂತು. ಇಷ್ಟು ದಿನ ಕಾದು ಮಾಡಬೇಕಿದ್ದ ಕೆಲಸವನ್ನು ಇವಳೇ ಮಾಡಿ ಮುಗಿಸಿದ್ದಾಳೆ! ಚೀಲದ ಬಾಯಿಗೆ ಸುತ್ತಿದ ರಬ್ಬರ್ ಬ್ಯಾಂಡ್ ಬಿಚ್ಚಿದರೆ ಸಾಕು. ಒಂದೊಂದಾಗಿ ಮೇಲೆ ಬಂದು ಬಾಯಿಬಾಯಿ ಬಿಡುತ್ತವೆ. ನೋಡಲಿ, ಗೊತ್ತಾಗಲಿ. ಬೆರಳನ್ನು ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿಯೂ ಆಗಿತ್ತು.

ಫಿನಾಯಿಲಕ್ಕ ತೊಟ್ಟಿಯ ಮುಂದೆ ಬಗ್ಗಿ ಚೀಲಕ್ಕೆ ಮುಖವಿಟ್ಟಳು. "ಬನ್ರೋ ಬನ್ನಿ. ನನ್ನ ತಮ್ಮನ ಮೀನುಗಳು ಎಂಥವು ಗೊತ್ತಾ? ಯಜಮಾನನ ಹಿಂದೇನೇ ಹೋದ್ವು. ನೀವೂ ಹಂಗೇ ಇರಬೇಕು."

ಕನ್ನಡಕದವಳ ಬೆರಳು ನಿಂತಿತು. ಇವು ಸತ್ತರೂ ಇವಳಿಗೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಕಥೆ ಹುಟ್ಟುತ್ತದೆ, ಅಷ್ಟೇ. ಹೊಸ ಜಾಗ ಒಗ್ಗಲಿಲ್ಲ ಎಂದೋ, ಗಂಡನ ಬಿಪಿಯನ್ನು ತಮ್ಮ ಮೈಮೇಲೆ ತೆಗೆದುಕೊಂಡವು ಎಂದೋ. ಆ ಕಥೆಗೂ ಇವಳು ಅಳುತ್ತಾಳೆ. ಅಷ್ಟು ಸುಲಭವಾಗಿ ಇವಳನ್ನು ಬಿಡಬಾರದು.

ಅವಳು ಚೀಲವನ್ನು ನೀರಿನಿಂದ ಎತ್ತಿ ಪಕ್ಕದ ಬಕೆಟ್ಟಿನಲ್ಲಿಟ್ಟಳು.

"ಯಾಕೇ?"

"ಆ ಗಲೀಜೇ ತೊಟ್ಟಿಯ ಜೀವ ಅತ್ತಿಗೆ. ಸ್ಪಂಜನ್ನ ಕುದಿಯೋ ನೀರಲ್ಲಿ ತೊಳೆದ್ರೆ ನೀರು ಮತ್ತೆ ವಿಷ ಆಗುತ್ತೆ. ಮೀನು ಸಾಯ್ತವೆ."

"ಅಯ್ಯೋ, ಮೊದಲೇ ಹೇಳಬಾರ್ದಾ! ಅವತ್ತೂ ನಾನು ಹಿಂಗೇ..." ಮಾತು ಅಲ್ಲಿಗೇ ನಿಂತಿತು. ಲಿಫ್ಟಣ್ಣ ಹೆಂಡತಿಯ ಮುಖ ನೋಡಿದ. ಕನ್ನಡಕದವಳೂ ನೋಡಿದಳು. ವರ್ಷಗಳಿಂದ ನೋಡಬೇಕೆಂದು ಹಪಹಪಿಸಿದ ಮುಖ ಅದು. ಕಣ್ಣು ತೆಗೆಯಲಿಲ್ಲ.

"ಹೌದು. ಅವು ಯಾರ ಹಿಂದೇನೂ ಹೋಗಲಿಲ್ಲ. ನೀವು ತೊಳೆದ್ರಿ, ಸತ್ವು. ಅವತ್ತು ಅವರು ಮೀನು ಹೇಗಿವೆ ಅಂತ ಕೇಳಿದ್ರು. ಫಳಫಳ ಅಂತಿವೆ ಅಂದೆ. ನಿಮ್ಮದೇ ಮಾತು. ಆಮೇಲೆ ಅವರು ಏನೂ ಕೇಳಲಿಲ್ಲ."

ಫಿನಾಯಿಲಕ್ಕ ಅಳಲಿಲ್ಲ. ಸೀರೆ ಒದ್ದೆಯಾದೀತೆಂಬ ಪರಿವೆಯಿಲ್ಲದೆ ಬಿಳಿ ಸ್ಪಂಜನ್ನು ಫಿಲ್ಟರಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಕೊನೆಗೆ ಲಿಫ್ಟಣ್ಣನೇ ಕೇಳಿದ, "ಮತ್ತೆ ಪಳಗಿಸೋಕೆ ಆಗಲ್ವಾ?"

"ಮೊದಲಿಂದ ಕಾಯಬೇಕು. ಇಲ್ಲಾಂದ್ರೆ ಮೀನಿರೋ ತೊಟ್ಟೀಲಿ ಸ್ಪಂಜು ಇಟ್ಟು ಕೊಳೆ ಹಿಡಿಸಬೇಕು," ಎಂದು ಕನ್ನಡಕದವಳು ಚೀಲ ಎತ್ತಿಕೊಂಡು ಹೊರಟಳು. ಮೆಟ್ಟಿಲಿಳಿಯುವಾಗ ಹೊಟ್ಟೆಯೊಳಗೆ ತಂಪಾಯಿತು. ಬೀದಿಗೆ ಬರುವಷ್ಟರಲ್ಲಿ ಆ ತಂಪು ಆರಿಹೋಗಿತ್ತು. ಸೇಡು ತೀರಿದ ಮೇಲೆ ಏನು ಮಾಡಬೇಕೆಂದು ಅವಳು ಯೋಚಿಸಿರಲಿಲ್ಲ.

ಅದೇ ಸಂಜೆ ಬಾಗಿಲು ಬಡಿದ ಸದ್ದಾಯಿತು. ಫಿನಾಯಿಲಕ್ಕ ನಿಂತಿದ್ದಳು, ಬೆಳಿಗ್ಗೆಯ ಸೀರೆಯಲ್ಲೇ. ಕೈಯಲ್ಲಿ ಊಟದ ಡಬ್ಬಿ, ಡಬ್ಬಿಯೊಳಗೆ ಬಿಳಿ ಸ್ಪಂಜು.

"ನಿನ್ನ ಟ್ಯಾಂಕಲ್ಲಿ ಇಟ್ಕೋತೀಯಾ?"

ಕನ್ನಡಕದವಳು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಸ್ಪಂಜು ನೀರಿನ ಮೇಲೆ ತೇಲಿತು, ಮುಳುಗಲು ಒಪ್ಪಲಿಲ್ಲ. ಅವಳು ಅಂಗೈಯಿಟ್ಟು ಅದನ್ನು ಕೆಳಕ್ಕೆ ಒತ್ತಿದಳು, ಬೇಕಾದುದಕ್ಕಿಂತ ಜೋರಾಗಿ. ಗುಳ್ಳೆಗಳು ಏಳುತ್ತಲೇ ಇದ್ದವು. ಮೀನುಗಳು ಮೂಲೆಗೆ ಸರಿದವು. ಬಾಗಿಲಲ್ಲಿ ನಿಂತವಳು ನೋಡುತ್ತಿದ್ದಳು. ಕೊನೆಯ ಗುಳ್ಳೆ ಏಳುವವರೆಗೂ ಕನ್ನಡಕದವಳು ಕೈ ತೆಗೆಯಲಿಲ್ಲ.